ಆಸ್ಪತ್ರೆಯಲ್ಲಿ ಆ್ಯಂಟಿಬಯೋಟಿಕ್: ಉತ್ತರ ಕನ್ನಡದ ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಂಚಿಕೆಗಾಗಿ ಬಂದ ಪತ್ರಗಳಲ್ಲಿ ಹೆಚ್ಚಿನವು ಶಿರಸಿ, ಸಿದ್ದಾಪುರ, ಕುಮಟಾ, ಕಾರವಾರದ ಕಡೆಯವು. ಕೇಳಿದ ವಿಷಯಗಳು ಬೇರೆ ಬೇರೆಯಾಗಿದ್ದರೂ ಎಲ್ಲವೂ ಆಸ್ಪತ್ರೆಗಳಲ್ಲಿ ಆ್ಯಂಟಿಬಯೋಟಿಕ್ ಕೊಡುವ ರೀತಿಗೇ ಸಂಬಂಧಿಸಿದ್ದರಿಂದ ಒಟ್ಟಿಗೇ ತೆಗೆದುಕೊಂಡಿದ್ದೇನೆ. ಬರೆದವರ ಮತ್ತು ಆಸ್ಪತ್ರೆಗಳ ಹೆಸರುಗಳನ್ನು ಬಿಟ್ಟು ಊರುಗಳನ್ನಷ್ಟೇ ಉಳಿಸಿಕೊಂಡಿದ್ದೇನೆ. ಕೇಸ್ ಪೇಪರ್ ನೋಡದೆ ಯಾವ ವೈದ್ಯರ ನಿರ್ಧಾರವನ್ನೂ ಸರಿ ಅಥವಾ ತಪ್ಪು ಎಂದು ಹೇಳಲಾಗದು ಎಂಬುದನ್ನು ಓದುಗರು ಗಮನದಲ್ಲಿಟ್ಟುಕೊಳ್ಳಬೇಕು.

ಪ್ರಶ್ನೆ: ನಮ್ಮ ತಂದೆಯವರಿಗೆ 78 ವರ್ಷ. ಜ್ವರ, ಕಫ ಜೋರಾಗಿ ಆಸ್ಪತ್ರೆಗೆ ಸೇರಿಸಿದೆವು. ಮೊದಲ ದಿನ ಒಂದು ಇಂಜೆಕ್ಷನ್ ಶುರು ಮಾಡಿದರು, ಮೂರನೆಯ ದಿನ ಅದನ್ನು ಬಿಟ್ಟು ಹೆಚ್ಚು ಬೆಲೆಯ ಇನ್ನೊಂದನ್ನು ಹಾಕಿದರು. ನಾವು ಚಿಕ್ಕವರಿದ್ದಾಗ ಇಂಥದ್ದೆಲ್ಲ ಪೆನಿಸಿಲಿನ್ ಸೂಜಿಯಲ್ಲಿ ಮುಗಿಯುತ್ತಿತ್ತು. ಈಗ ಆರಂಭಕ್ಕೇ ಇಷ್ಟು ದೊಡ್ಡ ಔಷಧ ಏಕೆ ಬೇಕು? – ಒಬ್ಬ ಓದುಗರು, ಶಿರಸಿ

ಮೂರನೆಯ ದಿನ ಔಷಧ ಬದಲಾಯಿಸಿದ್ದು ತಪ್ಪೇನಲ್ಲ. ಆ್ಯಂಟಿಬಯೋಟಿಕ್ ಆರಂಭಿಸಿದ ಎರಡು ಮೂರು ದಿನಗಳೊಳಗೆ ಅದು ಇನ್ನೂ ಬೇಕೇ, ಬೇಕಿದ್ದರೆ ಇದೇ ಬೇಕೇ ಎಂದು ವೈದ್ಯರು ಮತ್ತೊಮ್ಮೆ ಯೋಚಿಸಲೇಬೇಕು. ಆದರೆ ಬದಲಾವಣೆ ಯಾವ ದಿಕ್ಕಿಗೆ ಆಯಿತು, ಯಾವ ಆಧಾರದ ಮೇಲೆ ಆಯಿತು ಎಂಬುದನ್ನು ನೋಡಬೇಕಾಗುತ್ತದೆ. ಪರೀಕ್ಷೆಯ ವರದಿ ಬಂದು, ಅದರಲ್ಲಿ ಕಂಡ ರೋಗಾಣುವಿಗೆ ತಕ್ಕ ಔಷಧಕ್ಕೆ ಬದಲಾಯಿಸಿದ್ದರೆ ಅದು ಒಳ್ಳೆಯ ಚಿಕಿತ್ಸೆಯ ಲಕ್ಷಣ. ವರದಿ ಯಾವುದೂ ಇಲ್ಲದೆ, ಜ್ವರ ಇನ್ನೂ ಇಳಿದಿಲ್ಲ ಎಂಬ ಒಂದೇ ಕಾರಣಕ್ಕೆ ಸೆಫ್ಟ್ರಿಯಾಕ್ಸೋನಿನಿಂದ ಪಿಪರಾಸಿಲಿನ್-ಟಾಜೋಬ್ಯಾಕ್ಟಮ್‌ಗೆ, ಅಲ್ಲಿಂದ ಮೆರೋಪೆನೆಮ್‌ಗೆ ಮೆಟ್ಟಿಲು ಹತ್ತುತ್ತ ಹೋಗಿದ್ದರೆ, ಕಾರಣವೇನೆಂದು ವಿನಯದಿಂದ ಕೇಳುವ ಹಕ್ಕು ನಿಮಗಿದೆ.

ಆರಂಭಕ್ಕೇ ದೊಡ್ಡ ಔಷಧ ಏಕೆ ಎಂಬ ನಿಮ್ಮ ಎರಡನೆಯ ಪ್ರಶ್ನೆಗೆ ಸ್ವಲ್ಪ ವಿವರವಾಗಿಯೇ ಉತ್ತರಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ ಆ್ಯಂಟಿಬಯೋಟಿಕ್‌ಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಿತು. ಸಾಮಾನ್ಯ ಸೋಂಕುಗಳಿಗೆ ಮೊದಲು ಬಳಸಬೇಕಾದ ಅಮಾಕ್ಸಿಸಿಲಿನ್, ಡಾಕ್ಸಿಸೈಕ್ಲಿನ್, ಸೆಫಜೋಲಿನ್, ಜೆಂಟಾಮೈಸಿನ್‌ನಂಥವು ‘ಆಕ್ಸೆಸ್’ ಗುಂಪಿನಲ್ಲಿವೆ. ಬ್ಯಾಕ್ಟೀರಿಯಾಗಳು ಬೇಗ ಪ್ರತಿರೋಧ ಬೆಳೆಸಿಕೊಳ್ಳಬಹುದಾದ ಕಾರಣ ಎಚ್ಚರದಿಂದ ಬಳಸಬೇಕಾದ ಸೆಫ್ಟ್ರಿಯಾಕ್ಸೋನ್, ಅಜಿತ್ರೊಮೈಸಿನ್, ಸಿಪ್ರೊಫ್ಲಾಕ್ಸಸಿನ್, ಮೆರೋಪೆನೆಮ್ ಮೊದಲಾದವು ‘ವಾಚ್’ ಗುಂಪಿನವು. ಬೇರೆ ಯಾವುದೂ ಕೆಲಸ ಮಾಡದಾಗ ಮಾತ್ರ ಹೊರತೆಗೆಯಬೇಕಾದ ಕೋಲಿಸ್ಟಿನ್, ಲಿನೆಜೋಲಿಡ್‌ನಂಥವು ‘ರಿಸರ್ವ್’ ಗುಂಪಿನವು. ಒಂದು ದೇಶದಲ್ಲಿ ಬಳಕೆಯಾಗುವ ಒಟ್ಟು ಆ್ಯಂಟಿಬಯೋಟಿಕ್‌ನಲ್ಲಿ ಕನಿಷ್ಠ ಶೇಕಡಾ 60ರಷ್ಟು ಮೊದಲ ಗುಂಪಿನದಾಗಿರಬೇಕು ಎಂಬುದು ಆಮೇಲೆ ಇಟ್ಟುಕೊಂಡ ಗುರಿ. 2024ರಲ್ಲಿ ವಿಶ್ವಸಂಸ್ಥೆಯ ಮಹಾಧಿವೇಶನದ ಘೋಷಣೆಯಲ್ಲಿ ಅದನ್ನು 2030ರ ಹೊತ್ತಿಗೆ ಶೇಕಡಾ 70 ಎಂದು ಏರಿಸಲಾಯಿತು.

ನಮ್ಮಲ್ಲಿ ಲೆಕ್ಕ ತಲೆಕೆಳಗಾಗಿದೆ. ಭಾರತದ ಖಾಸಗಿ ವಲಯದ 2019ರ ಮಾರಾಟದ ಅಂಕಿ-ಅಂಶಗಳನ್ನು ಆಧರಿಸಿ 2022ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ‘ವಾಚ್’ ಗುಂಪಿನ ಪಾಲು ಶೇಕಡಾ 55ರಷ್ಟಿದ್ದರೆ ‘ಆಕ್ಸೆಸ್’ ಗುಂಪಿನ ಪಾಲು ಶೇಕಡಾ 27 ಮಾತ್ರ. ತಲಾವಾರು ಲೆಕ್ಕದಲ್ಲಿ ಭಾರತೀಯರು ಅನೇಕ ಶ್ರೀಮಂತ ದೇಶಗಳವರಿಗಿಂತ ಕಡಿಮೆಯೇ ಆ್ಯಂಟಿಬಯೋಟಿಕ್ ಸೇವಿಸುತ್ತೇವೆ ಎಂಬುದೂ ಅದೇ ಅಧ್ಯಯನದಿಂದ ಕಾಣುತ್ತದೆ. ಆದ್ದರಿಂದ ಎಷ್ಟು ಬಳಸುತ್ತೇವೆ ಎನ್ನುವುದಕ್ಕಿಂತ ಯಾವುದನ್ನು ಬಳಸುತ್ತೇವೆ ಎನ್ನುವುದೇ ನಮ್ಮ ಮುಖ್ಯ ತೊಂದರೆ ಎಂದು ನಾನು ತಿಳಿಯುತ್ತೇನೆ. ಪತ್ರಿಕೆಗಳ ಶೀರ್ಷಿಕೆಗಳಲ್ಲಿ ಇದು ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ.

ಸೆಫ್ಟ್ರಿಯಾಕ್ಸೋನ್ ಹೇಗೆ ಎಲ್ಲ ವಾರ್ಡುಗಳ ಮೊದಲ ಆಯ್ಕೆಯಾಯಿತು ಎಂಬುದನ್ನು ನೋಡಿದರೆ ಈ ಬದಲಾವಣೆಯ ದಾರಿ ತಿಳಿಯುತ್ತದೆ. ದಿನಕ್ಕೆ ಒಂದು ಅಥವಾ ಎರಡು ಸಲ ಕೊಟ್ಟರೆ ಸಾಕು, ಆದ್ದರಿಂದ ನಾಲ್ಕು ತಾಸಿಗೊಮ್ಮೆಯೋ ಆರು ತಾಸಿಗೊಮ್ಮೆಯೋ ಪೆನಿಸಿಲಿನ್ ಕೊಡಬೇಕಾದ ಕೆಲಸ ನರ್ಸ್‌ಗಳಿಗೆ ತಪ್ಪುತ್ತದೆ. ಮೂತ್ರಪಿಂಡ ದುರ್ಬಲವಾಗಿದ್ದರೂ ಸಾಮಾನ್ಯವಾಗಿ ಡೋಸ್ ಕಡಿಮೆ ಮಾಡಬೇಕಿಲ್ಲ. ಹಲವು ಕಂಪನಿಗಳು ತಯಾರಿಸುವುದರಿಂದ ಬೆಲೆಯೂ ಇಳಿದಿದೆ. ಶ್ವಾಸಕೋಶ, ಮೂತ್ರನಾಳ, ಹೊಟ್ಟೆ ಹೀಗೆ ಸೋಂಕು ಎಲ್ಲಿದೆ ಎಂದು ಖಚಿತವಾಗದಿದ್ದರೂ ‘ಇದು ನಡೆಯುತ್ತದೆ’ ಎಂಬ ಧೈರ್ಯವನ್ನು ವೈದ್ಯರಿಗೆ ಕೊಡುತ್ತದೆ. ಇಷ್ಟು ಅನುಕೂಲವಿರುವ ಔಷಧವು ಅಗತ್ಯ ಮೀರಿ ಬಳಕೆಯಾದದ್ದು ಆಶ್ಚರ್ಯವಲ್ಲ. ಆದರೆ ಅದರ ಅತಿ ಬಳಕೆಯಿಂದ ಆ ಇಡೀ ವರ್ಗದ ಔಷಧಗಳನ್ನು ಒಡೆದುಹಾಕುವ ಕಿಣ್ವವಿರುವ ಬ್ಯಾಕ್ಟೀರಿಯಾಗಳು ಹೆಚ್ಚಾದವು. ಅವುಗಳಿಗೆಂದು ಮೆರೋಪೆನೆಮ್ ಬಳಕೆ ಏರಿತು. ಮೆರೋಪೆನೆಮ್‌ಗೂ ಜಗ್ಗದವು ಬಂದಾಗ ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆಂದು ದಶಕಗಳ ಹಿಂದೆಯೇ ಮೂಲೆಗೆ ಸರಿಸಿದ್ದ ಕೋಲಿಸ್ಟಿನ್ ಅನ್ನು ಮತ್ತೆ ತೀವ್ರ ನಿಗಾ ಘಟಕಗಳಿಗೆ ಕರೆತರಬೇಕಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಜಾಲದಲ್ಲಿರುವ ದೊಡ್ಡ ಆಸ್ಪತ್ರೆಗಳ ಇತ್ತೀಚಿನ ವರದಿಗಳಲ್ಲಿ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾದ ಅರ್ಧಕ್ಕಿಂತ ಹೆಚ್ಚು ಮಾದರಿಗಳು ಮೆರೋಪೆನೆಮ್ ವರ್ಗಕ್ಕೆ ಮಣಿಯುತ್ತಿಲ್ಲ.

ನಿಮ್ಮ ಬಾಲ್ಯದ ಪೆನಿಸಿಲಿನ್ ಸತ್ತುಹೋಗಿಲ್ಲ. ರುಮ್ಯಾಟಿಕ್ ಜ್ವರದಿಂದ ಹೃದಯದ ಕವಾಟ ಕೆಡದಂತೆ ಮಕ್ಕಳಿಗೆ ಇಂದಿಗೂ ಅದನ್ನೇ ಕೊಡುತ್ತಾರೆ, ಇಲಿಜ್ವರಕ್ಕೂ ಅದು ಒಳ್ಳೆಯ ಔಷಧ. ಆದರೆ 78 ವರ್ಷದ, ಉಸಿರಾಟಕ್ಕೆ ಕಷ್ಟಪಡುತ್ತಿರುವ ವ್ಯಕ್ತಿಯ ನ್ಯುಮೋನಿಯಾಕ್ಕೆ ಮೊದಲ ದಿನವೇ ವಿಶಾಲ ವ್ಯಾಪ್ತಿಯ, ಅಂದರೆ ಹಲವು ಬಗೆಯ ಬ್ಯಾಕ್ಟೀರಿಯಾಗಳಿಗೆ ನಾಟುವ ಔಷಧ ಹಾಕಿದ್ದರೆ ಅದನ್ನು ನಾನು ಆಕ್ಷೇಪಿಸುವುದಿಲ್ಲ.

ಪ್ರಶ್ನೆ: ನಮ್ಮ ದೇಶದಲ್ಲಿ ಆಸ್ಪತ್ರೆಗೆ ಸೇರಿದ 100 ಜನರಲ್ಲಿ 72 ಜನರಿಗೆ ಆ್ಯಂಟಿಬಯೋಟಿಕ್ ಕೊಡುತ್ತಾರೆ ಎಂದು ಓದಿದೆ. ಅಂದರೆ ಅವರಲ್ಲಿ ಹೆಚ್ಚಿನವರಿಗೆ ಸುಮ್ಮನೆ ಕೊಟ್ಟಂತಾಯಿತಲ್ಲವೇ? – ನಿವೃತ್ತ ಶಿಕ್ಷಕರು, ಕಾರವಾರ

ನೀವು ಓದಿದ ಅಂಕಿ ಸರಿಯಾಗಿದೆ. ಕೇಂದ್ರ ಸರಕಾರದ ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರವು 2021ರ ನವೆಂಬರ್‌ನಿಂದ 2022ರ ಏಪ್ರಿಲ್‌ವರೆಗೆ ದೇಶದ 20 ದೊಡ್ಡ ಆಸ್ಪತ್ರೆಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ 9,652 ಒಳರೋಗಿಗಳ ಪೈಕಿ ಶೇಕಡಾ 71.9ರಷ್ಟು ಮಂದಿಗೆ ಆ ಹೊತ್ತಿನಲ್ಲಿ ಆ್ಯಂಟಿಬಯೋಟಿಕ್ ನಡೆಯುತ್ತಿತ್ತು. ಆಸ್ಪತ್ರೆಯಿಂದ ಆಸ್ಪತ್ರೆಗೆ ಇದು ಶೇಕಡಾ 37ರಿಂದ 100ರವರೆಗೆ ವ್ಯತ್ಯಾಸವಾಗುತ್ತಿತ್ತು. ಇಷ್ಟು ದೊಡ್ಡ ಅಂತರವನ್ನು ರೋಗಗಳ ವ್ಯತ್ಯಾಸವೊಂದರಿಂದಲೇ ವಿವರಿಸಲಾಗದು. ಬರೆಯುವ ಕೈಗಳ ಅಭ್ಯಾಸವೂ ಅದರಲ್ಲಿ ಸೇರಿಕೊಂಡಿದೆ.

ಆದರೂ 72 ಎಂಬ ಸಂಖ್ಯೆ ನನ್ನನ್ನು ಅಷ್ಟಾಗಿ ಕಾಡುವುದಿಲ್ಲ. ದೊಡ್ಡ ಆಸ್ಪತ್ರೆಗಳಿಗೆ ಬರುವವರೇ ಶಸ್ತ್ರಚಿಕಿತ್ಸೆಯವರು, ಅಪಘಾತದವರು, ಬೇರೆಡೆ ವಾಸಿಯಾಗದೆ ಬಂದವರು. ಅವರಲ್ಲಿ ಬಳಕೆ ಹೆಚ್ಚಿರುವುದು ಸಹಜ. ಅದೇ ಸಮೀಕ್ಷೆಯ ಇನ್ನೆರಡು ಅಂಕಿಗಳು ಹೆಚ್ಚು ಗಂಭೀರವಾದವು. ಬರೆದ ಆ್ಯಂಟಿಬಯೋಟಿಕ್‌ಗಳಲ್ಲಿ ಶೇಕಡಾ 55ರಷ್ಟು ಇದ್ದ ಸೋಂಕಿಗಲ್ಲ, ಬರಬಹುದಾದ ಸೋಂಕನ್ನು ತಡೆಯುವುದಕ್ಕೆ. ಉಳಿದ ಶೇಕಡಾ 45ರಷ್ಟು ಚಿಕಿತ್ಸೆಗೆಂದೇ ಬರೆದದ್ದಾದರೂ ಅದರಲ್ಲಿ ರೋಗಾಣು ಯಾವುದೆಂದು ಖಚಿತಪಡಿಸಿಕೊಂಡು ಬರೆದದ್ದು ಶೇಕಡಾ 6 ಮಾತ್ರ. ಮಿಕ್ಕದ್ದೆಲ್ಲ ಅಂದಾಜಿನ ಮೇಲೆ ನಡೆದ ಚಿಕಿತ್ಸೆ. ಅಂದಾಜು ಮಾಡುವುದೇ ತಪ್ಪೆಂದು ತಿಳಿಯಬೇಡಿ. ರಕ್ತ ನಂಜಾಗಿ ಬಿ.ಪಿ. ಕುಸಿದ ರೋಗಿಗೆ ಒಂದು ತಾಸಿನೊಳಗೆ ಔಷಧ ಹೋಗಬೇಕು, ವರದಿಗೆ ಕಾಯುತ್ತ ಕೂರುವಂತಿಲ್ಲ. ಅಂದಾಜಿನ ಮೇಲೆ ಆರಂಭಿಸಿದ್ದನ್ನು ಕೊನೆಯವರೆಗೂ ಅಂದಾಜಿನ ಮೇಲೆಯೇ ನಡೆಸಿ ಮುಗಿಸುವುದು ಮಾತ್ರ ತಪ್ಪು.

ಪ್ರಶ್ನೆ: ನಮ್ಮ ಕಡೆ ಬೆಟ್ಟದಲ್ಲಿ ದರಕು (ತರಗೆಲೆ) ಗುಡಿಸುವ ದಿನಗಳಲ್ಲಿ ಮಂಗನ ಕಾಯಿಲೆ ಬರುತ್ತದೆ. ಅದು ವೈರಸ್ಸಿನ ಜ್ವರ, ಆ್ಯಂಟಿಬಯೋಟಿಕ್ ನಾಟುವುದಿಲ್ಲ ಎಂದು ಆರೋಗ್ಯ ಇಲಾಖೆಯವರೇ ಹೇಳುತ್ತಾರೆ. ಆದರೆ ಆಸ್ಪತ್ರೆಗೆ ಸೇರಿಸಿದರೆ ಸಲಾಯಿನ್ ಜತೆಗೆ ಆ್ಯಂಟಿಬಯೋಟಿಕ್ ಕೂಡ ಹಾಕುತ್ತಾರೆ. ಇದು ಹೇಗೆ? – ಒಬ್ಬ ಕೃಷಿಕರು, ಸಿದ್ದಾಪುರ

ಇಲಾಖೆಯವರು ಹೇಳಿದ್ದು ನಿಜ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ಕಾಯಿಲೆ ಉಣುಗುಗಳಿಂದ ಹರಡುವ ವೈರಸ್ಸಿನದು. ಅದಕ್ಕೆ ಯಾವ ಆ್ಯಂಟಿಬಯೋಟಿಕ್ಕೂ ಕೆಲಸ ಮಾಡುವುದಿಲ್ಲ. ಡೆಂಗಿಗೂ ಅಷ್ಟೇ. ಆದರೆ ನಿಮ್ಮ ತಾಲೂಕಿನಲ್ಲಿ ಜ್ವರದ ರೋಗಿಯ ಮುಂದೆ ನಿಂತ ವೈದ್ಯರ ಇಕ್ಕಟ್ಟನ್ನೂ ತುಸು ಅರ್ಥಮಾಡಿಕೊಳ್ಳಬೇಕು.

ನಮ್ಮ ಜಿಲ್ಲೆಯಲ್ಲಿ ಒಂದೇ ಬಗೆಯ ತಲೆನೋವು, ಮೈಕೈ ನೋವು, ಜ್ವರದೊಂದಿಗೆ ಬರುವ ಕಾಯಿಲೆಗಳು ಹಲವು. ಗದ್ದೆಯ ಕೆಸರಿನಲ್ಲಿ ಬರಿಗಾಲಲ್ಲಿ ದುಡಿದವರಿಗೆ ಮಳೆಗಾಲದಲ್ಲಿ ಇಲಿಜ್ವರ ಬರಬಹುದು. ಅದು ಬ್ಯಾಕ್ಟೀರಿಯಾದ ರೋಗ, ಡಾಕ್ಸಿಸೈಕ್ಲಿನ್ ಅಥವಾ ಪೆನಿಸಿಲಿನ್ ಬೇಗ ಕೊಟ್ಟಷ್ಟೂ ಒಳ್ಳೆಯದು. ಕುರುಚಲು ಕಾಡು, ಹುಲ್ಲಿನ ನಡುವೆ ಓಡಾಡಿದವರಿಗೆ ನುಸಿಯ ಮರಿ ಕಚ್ಚಿ ಸ್ಕ್ರಬ್ ಟೈಫಸ್ ಬರಬಹುದು. ಇದಕ್ಕೂ ಅಗ್ಗದ ಡಾಕ್ಸಿಸೈಕ್ಲಿನ್ ಮೊದಲ ಔಷಧ, ಸೆಫ್ಟ್ರಿಯಾಕ್ಸೋನ್ ಎಷ್ಟು ಹಾಕಿದರೂ ಉಪಯೋಗವಿಲ್ಲ. ಸ್ಕ್ರಬ್ ಟೈಫಸ್ಸಿನಲ್ಲಿ ನುಸಿ ಕಚ್ಚಿದ ಜಾಗದಲ್ಲಿ ಸಿಗರೇಟಿನಿಂದ ಸುಟ್ಟಂಥ ಕಪ್ಪು ಹಕ್ಕಳೆಯೊಂದು ಹಲವರಲ್ಲಿ ಇರುತ್ತದೆ. ಅದು ಕಂಕುಳು, ತೊಡೆಸಂದು, ಸೊಂಟದ ಪಟ್ಟಿಯ ಕೆಳಗೆ, ಮಹಿಳೆಯರಲ್ಲಿ ಸ್ತನದ ಅಡಿಯಲ್ಲಿ ಅಡಗಿರುವುದರಿಂದ ಬಟ್ಟೆ ಸರಿಸಿ ಹುಡುಕದೆ ಸಿಗುವುದಿಲ್ಲ. ರೋಗಿಗೂ ನೋವಿಲ್ಲದ್ದರಿಂದ ಅವರಾಗಿ ಹೇಳುವುದಿಲ್ಲ. ಎರಡು ನಿಮಿಷದ ಈ ಹುಡುಕಾಟದಿಂದ ಎಷ್ಟೋ ಬಾರಿ ಒಂದು ವಾರದ ದುಬಾರಿ ಇಂಜೆಕ್ಷನ್‌ಗಳು ಉಳಿಯುತ್ತವೆ.

ಇನ್ನು ಮಧುಮೇಹವಿದ್ದು ಮಣ್ಣು ನೀರಿನೊಂದಿಗೆ ದುಡಿಯುವವರಿಗೆ ಮೆಲಿಯೊಯ್ಡೋಸಿಸ್ ಎಂಬ ಸೋಂಕು ಕರಾವಳಿ ಕರ್ನಾಟಕದಲ್ಲಿ ಕಾಣಿಸಿಕೊಳ್ಳುತ್ತದೆ. ಇದು ಕ್ಷಯದಂತೆ, ನ್ಯುಮೋನಿಯಾದಂತೆ, ಯಕೃತ್ತಿನ ಅಥವಾ ಗುಲ್ಮದ ಕೀವಿನಂತೆ ನಾನಾ ವೇಷದಲ್ಲಿ ಬರುತ್ತದೆ. ಇದಕ್ಕೆ ಸೆಫ್ಟಾಜಿಡಿಮ್ ಅಥವಾ ಮೆರೋಪೆನೆಮ್ ಇಂಜೆಕ್ಷನ್ ಕನಿಷ್ಠ ಹತ್ತರಿಂದ ಹದಿನಾಲ್ಕು ದಿನ, ಆಮೇಲೆ ಕೋಟ್ರೈಮಾಕ್ಸಜೋಲ್ ಗುಳಿಗೆ ಮೂರು ತಿಂಗಳು ಬೇಕು. ಇಲ್ಲಿ ಮೆರೋಪೆನೆಮ್ ಬಳಸುವುದು ದುರ್ಬಳಕೆಯಲ್ಲ, ಬಳಸದಿರುವುದೇ ಅಪಾಯ. ಒಂದೇ ಔಷಧ ಒಂದು ಹಾಸಿಗೆಯಲ್ಲಿ ಅನವಶ್ಯಕವಾಗಿರುತ್ತದೆ, ಪಕ್ಕದ ಹಾಸಿಗೆಯಲ್ಲಿ ಜೀವ ಉಳಿಸುತ್ತಿರುತ್ತದೆ.

ಹೀಗಿರುವಾಗ ಮಂಗನ ಕಾಯಿಲೆಯ ಪರೀಕ್ಷೆಗೆ ರಕ್ತ ಕಳಿಸಿ ಫಲಿತಾಂಶಕ್ಕೆ ಕಾಯುವ ಒಂದೆರಡು ದಿನ ಡಾಕ್ಸಿಸೈಕ್ಲಿನ್ ಕೊಟ್ಟಿದ್ದರೆ ಅದು ವಿವೇಕದ ನಡೆ. ವೈರಸ್ ಎಂದು ಖಚಿತವಾದ ಮೇಲೂ, ಬ್ಯಾಕ್ಟೀರಿಯಾ ಸೋಂಕಿನ ಲಕ್ಷಣ ಯಾವುದೂ ಇಲ್ಲದೆ, ‘ಇರಲಿ’ ಎಂದು ಇಂಜೆಕ್ಷನ್ ಮುಂದುವರಿಸಿದ್ದರೆ ಅದಕ್ಕೆ ಸಮರ್ಥನೆಯಿಲ್ಲ.

ವಿಡಾಲ್ ಪರೀಕ್ಷೆಯ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ. ಜ್ವರ ಬಂದವರಿಗೆಲ್ಲ ಈ ಪರೀಕ್ಷೆ ಮಾಡಿಸಿ, ‘ಟೈಫಾಯಿಡ್ ಪಾಸಿಟಿವ್’ ಎಂದು ಇಂಜೆಕ್ಷನ್ ಶುರು ಮಾಡುವ ರೂಢಿ ಇನ್ನೂ ಹೋಗಿಲ್ಲ. ಟೈಫಾಯಿಡ್ ಸಾಮಾನ್ಯವಾಗಿರುವ ನಾಡಿನಲ್ಲಿ ಹಿಂದೆಂದೋ ಆದ ಸೋಂಕಿನಿಂದಲೂ, ಬೇರೆ ಜ್ವರಗಳಿಂದಲೂ ಇದು ಪಾಸಿಟಿವ್ ಬರುತ್ತದೆ. ಟೈಫಾಯಿಡ್ ಶಂಕೆಯಿದ್ದರೆ ಔಷಧ ಕೊಡುವ ಮೊದಲು ರಕ್ತದ ಕಲ್ಚರ್, ಅಂದರೆ ರೋಗಾಣುವನ್ನು ಬೆಳೆಸಿ ಗುರುತಿಸುವ ಪರೀಕ್ಷೆಗೆ ಕಳಿಸುವುದೇ ಸರಿಯಾದ ಕ್ರಮ. ಒಂದೇ ಸಲದ ವಿಡಾಲ್ ಪರೀಕ್ಷೆಯನ್ನು ನಿಲ್ಲಿಸಿದರೆ ನಮ್ಮ ಸಣ್ಣ ಆಸ್ಪತ್ರೆಗಳ ಸೆಫ್ಟ್ರಿಯಾಕ್ಸೋನ್ ಬಳಕೆ ಕಣ್ಣಿಗೆ ಕಾಣುವಷ್ಟು ಇಳಿಯುತ್ತದೆ ಎಂಬುದು ನನ್ನ ನಂಬಿಕೆ.

ಪ್ರಶ್ನೆ: ಕಲ್ಚರ್ ವರದಿ ಬರಲು ಮೂರು ದಿನ ಬೇಕು ಎನ್ನುತ್ತಾರೆ. ಬೇರೆ ರಕ್ತ ಪರೀಕ್ಷೆಗಳು ಒಂದು ತಾಸಿನಲ್ಲಿ ಆಗುವಾಗ ಇದಕ್ಕೇಕೆ ಇಷ್ಟು ಸಮಯ? ವರದಿಯಲ್ಲಿ ಎಸ್, ಐ, ಆರ್ ಎಂದು ಬರೆದದ್ದನ್ನು ಹೇಗೆ ಓದಬೇಕು? – ಒಬ್ಬ ಓದುಗರು, ಅಂಕೋಲಾ

ಈ ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದಕ್ಕೆ ಕಾಯಬೇಕು, ಅವಸರ ಮಾಡಲು ಸಾಧ್ಯವಿಲ್ಲ. ದೊಡ್ಡವರಾದರೆ ಒಂದೊಂದು ಬಾಟಲಿಗೆ ಎಂಟರಿಂದ ಹತ್ತು ಮಿಲಿಲೀಟರ್ ರಕ್ತವನ್ನು, ಚರ್ಮವನ್ನು ಚೆನ್ನಾಗಿ ಶುಚಿಗೊಳಿಸಿ, ಸಾಧ್ಯವಾದರೆ ಎರಡು ಬೇರೆ ಜಾಗಗಳಿಂದ ತೆಗೆದು ಪೋಷಕ ದ್ರವವಿರುವ ಬಾಟಲಿಗೆ ಹಾಕುತ್ತಾರೆ. ದೇಹದ ಉಷ್ಣತೆಯಲ್ಲಿ ಇಟ್ಟಾಗ ರಕ್ತದಲ್ಲಿರುವ ಬೆರಳೆಣಿಕೆಯ ಬ್ಯಾಕ್ಟೀರಿಯಾಗಳು ಹೆಚ್ಚಿ, ಸಾಮಾನ್ಯವಾಗಿ ಮೊದಲ ಒಂದೆರಡು ದಿನಗಳಲ್ಲಿ ಯಂತ್ರಕ್ಕೆ ಅವುಗಳ ಸುಳಿವು ಸಿಗುತ್ತದೆ. ಅಲ್ಲಿಂದ ಒಂದು ಹನಿಯನ್ನು ತೆಗೆದು ತಟ್ಟೆಯ ಮೇಲೆ ಹರಡಿ ರಾತ್ರಿ ಕಳೆಯಲು ಬಿಡಬೇಕು. ಮಾರನೆಯ ದಿನ ಬೆಳೆದ ಚುಕ್ಕೆಗಳಿಂದ ರೋಗಾಣುವಿನ ಹೆಸರು ಗುರುತಿಸಿ, ಅದನ್ನು ಇನ್ನೊಂದು ತಟ್ಟೆಗೆ ಒರೆಸಿ, ಮೇಲೆ ಒಂದೊಂದು ಔಷಧವನ್ನು ಹೀರಿಕೊಂಡ ಪುಟ್ಟ ಕಾಗದದ ಬಿಲ್ಲೆಗಳನ್ನು ಇಟ್ಟು ಮತ್ತೊಂದು ರಾತ್ರಿ ಕಾಯಬೇಕು. ಬೆಳಿಗ್ಗೆ ನೋಡಿದರೆ ಕೆಲವು ಬಿಲ್ಲೆಗಳ ಸುತ್ತ ಬೆಳವಣಿಗೆಯಿಲ್ಲದ ಸ್ಪಷ್ಟ ವೃತ್ತವಿರುತ್ತದೆ, ಕೆಲವಕ್ಕೆ ಬ್ಯಾಕ್ಟೀರಿಯಾ ಬಿಲ್ಲೆಯ ಅಂಚಿನವರೆಗೂ ಬಂದು ತಾಗಿರುತ್ತದೆ. ತಂತ್ರಜ್ಞರು ಆ ವೃತ್ತದ ಅಗಲವನ್ನು ಮಿಲಿಮೀಟರಿನಲ್ಲಿ ಅಳೆದು ನಿಗದಿತ ಕೋಷ್ಟಕದೊಂದಿಗೆ ಹೋಲಿಸಿ ಎಸ್ ಅಥವಾ ಆರ್ ಎಂದು ಬರೆಯುತ್ತಾರೆ. ಎಸ್ ಎಂದರೆ ಆ ಔಷಧ ನಾಟುತ್ತದೆ, ಆರ್ ಎಂದರೆ ನಾಟುವುದಿಲ್ಲ. ಐ ಇದ್ದರೆ ಹೆಚ್ಚಿನ ಡೋಸಿನಲ್ಲಿ ಅಥವಾ ಔಷಧ ಚೆನ್ನಾಗಿ ಸೇರುವ ಅಂಗದಲ್ಲಿ ಮಾತ್ರ ನಾಟಬಹುದು.

ಎಸ್ ಎಂದಿರುವ ಔಷಧಗಳಲ್ಲಿ ಅತ್ಯಂತ ‘ಶಕ್ತಿಶಾಲಿ’ಯನ್ನು ಆರಿಸುವುದು ಕ್ರಮವಲ್ಲ; ಸೋಂಕಿನ ಜಾಗವನ್ನು ತಲುಪುವ, ವ್ಯಾಪ್ತಿ ಕಡಿಮೆಯಿರುವ ಔಷಧವನ್ನು ಆರಿಸಬೇಕು. ಉದಾಹರಣೆಗೆ ಮೂತ್ರಕೋಶದ ಸಾಮಾನ್ಯ ಸೋಂಕಿನ ವರದಿಯಲ್ಲಿ ಮೆರೋಪೆನೆಮ್ ಮತ್ತು ನೈಟ್ರೋಫ್ಯುರಾಂಟೊಯಿನ್ ಎರಡಕ್ಕೂ ಎಸ್ ಇದ್ದರೆ ಎರಡನೆಯ, ಗುಳಿಗೆಯ ರೂಪದ ಹಳೆಯ ಔಷಧವೇ ಸೂಕ್ತ. ಮೂತ್ರದ ಕಲ್ಚರ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆದರೂ ಉರಿ, ಜ್ವರ, ನೋವು ಏನೂ ಇಲ್ಲದಿದ್ದರೆ, ಗರ್ಭಿಣಿಯರು ಮತ್ತು ಮೂತ್ರನಾಳದ ಶಸ್ತ್ರಚಿಕಿತ್ಸೆಗೆ ಹೋಗುವವರನ್ನು ಬಿಟ್ಟರೆ, ಸಾಮಾನ್ಯವಾಗಿ ಚಿಕಿತ್ಸೆಯೇ ಬೇಡ. ಇದನ್ನು ಕೇಳಿ ರೋಗಿಗಳಿಗಿಂತ ಹೆಚ್ಚಾಗಿ ಮನೆಯವರು ಗಾಬರಿಯಾಗುತ್ತಾರೆ.

ಕಲ್ಚರಿಗೆ ರಕ್ತ ತೆಗೆಯುವ ಮೊದಲೇ ಇಂಜೆಕ್ಷನ್ ಕೊಟ್ಟರೆ ಬಾಟಲಿಯಲ್ಲಿ ಏನೂ ಬೆಳೆಯದೆ ಹೋಗಬಹುದು. ಮೇಲೆ ಹೇಳಿದ ಸಮೀಕ್ಷೆಯ ಶೇಕಡಾ 6ರ ಅಂಕಿಯ ಹಿಂದೆ ಇದೂ ಒಂದು ಕಾರಣವಾಗಿರುತ್ತದೆ ಎಂದು ಅನ್ನಿಸುತ್ತದೆ.

ಪ್ರಶ್ನೆ: ಮಗಳಿಗೆ ಸಿಸೇರಿಯನ್ ಆಯಿತು. ಜ್ವರವೇನೂ ಇರಲಿಲ್ಲ, ಹೊಲಿಗೆಯೂ ಚೆನ್ನಾಗಿತ್ತು. ಆದರೂ ಐದು ದಿನ ಇಂಜೆಕ್ಷನ್, ಮನೆಗೆ ಬರುವಾಗ ಐದು ದಿನಕ್ಕೆ ಗುಳಿಗೆ. ಬಾಣಂತಿಗೆ ಇಷ್ಟು ಬೇಕಿತ್ತೇ? – ಒಬ್ಬ ತಾಯಿ, ಕುಮಟಾ

ನೀವು ಬರೆದಷ್ಟರ ಮಟ್ಟಿಗೆ ಹೇಳುವುದಾದರೆ ಬೇಕಿರಲಿಲ್ಲ. ಸಿಸೇರಿಯನ್‌ನಲ್ಲಿ ಸೋಂಕು ತಡೆಯಲು ಒಂದೇ ಡೋಸ್ ಆ್ಯಂಟಿಬಯೋಟಿಕ್, ಅದೂ ಸೆಫಜೋಲಿನ್‌ನಂಥ ಮೊದಲ ಗುಂಪಿನದು, ಚರ್ಮ ಕೊಯ್ಯುವ ಮೊದಲು ಕೊಡಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು. ಕತ್ತರಿಸುವ ಹೊತ್ತಿಗೆ ಔಷಧ ಅಂಗಾಂಶದಲ್ಲಿ ಸೇರಿರಬೇಕು ಎಂಬುದು ಅದರ ತತ್ವ. ಶಸ್ತ್ರಚಿಕಿತ್ಸೆ ಬಹಳ ಹೊತ್ತು ಹಿಡಿದರೆ ಅಥವಾ ವಿಪರೀತ ರಕ್ತ ಹೋದರೆ ಇನ್ನೊಂದು ಡೋಸ್ ಬೇಕಾಗಬಹುದು. ಹೊಲಿಗೆ ಹಾಕಿ ಮುಗಿಸಿದ ಮೇಲೆ ದಿನಗಟ್ಟಲೆ ಮುಂದುವರಿಸಿದರೆ ಸೋಂಕು ಇನ್ನಷ್ಟು ಕಡಿಮೆಯಾಗುವುದಿಲ್ಲ ಎಂಬುದನ್ನು ಅಧ್ಯಯನಗಳು ತೋರಿಸಿವೆ. ಹೊಟ್ಟೆ ಕೆಡುವುದು, ದದ್ದು ಏಳುವುದು ಮಾತ್ರ ಹೆಚ್ಚುತ್ತದೆ. ನೀರು ಒಡೆದು ಬಹಳ ಹೊತ್ತಾಗಿ ಗರ್ಭಕೋಶಕ್ಕೆ ಸೋಂಕು ತಗಲಿದ್ದರೆ ಆಗ ಅದು ತಡೆಯುವ ಡೋಸ್ ಅಲ್ಲ, ಚಿಕಿತ್ಸೆ. ಅದರ ಲೆಕ್ಕವೇ ಬೇರೆ.

ಹಾಗಾದರೆ ವೈದ್ಯರು ಏಕೆ ಮುಂದುವರಿಸುತ್ತಾರೆ? ಬಹುತೇಕ ಕಡೆ ಭಯ. ಹೊಲಿಗೆ ಬಿಚ್ಚಿಕೊಂಡರೆ ಊರೆಲ್ಲ ಅವರ ಹೆಸರು ಹೇಳುತ್ತದೆ. ಅನವಶ್ಯಕವಾಗಿ ಔಷಧ ಕೊಟ್ಟದ್ದಕ್ಕೆ ಯಾರೂ ಜಗಳಕ್ಕೆ ಬರುವುದಿಲ್ಲ. ಮೇಲಿನ ಸಮೀಕ್ಷೆಯಲ್ಲಿ ಕಂಡ ಶೇಕಡಾ 55ರ ಪಾಲನ್ನು ಇಳಿಸಬೇಕಾದರೆ ಆಪರೇಷನ್ ಥಿಯೇಟರಿನಿಂದಲೇ ಆರಂಭಿಸಬೇಕು, ಏಕೆಂದರೆ ಇಲ್ಲಿ ನಿಯಮ ಸ್ಪಷ್ಟವಾಗಿದೆ, ಕಾಯಬೇಕಾದ ವರದಿಯೂ ಇಲ್ಲ.

ಪ್ರಶ್ನೆ: ಗುಳಿಗೆಗಿಂತ ಇಂಜೆಕ್ಷನ್ ಬೇಗ ಗುಣಪಡಿಸುತ್ತದೆಯೇ? – ಹೊನ್ನಾವರ

ಮೊದಲ ದಿನಗಳಲ್ಲಿ, ರೋಗಿ ವಾಂತಿ ಮಾಡುತ್ತಿದ್ದರೆ ಅಥವಾ ಸ್ಥಿತಿ ಗಂಭೀರವಾಗಿದ್ದರೆ ಹೌದು. ಜ್ವರ ಇಳಿದು ಗಂಜಿ ಕುಡಿಯುವಷ್ಟು ಚೇತರಿಸಿಕೊಂಡ ಮೇಲೆ ಹೆಚ್ಚಿನ ಸೋಂಕುಗಳಲ್ಲಿ ಗುಳಿಗೆಗೆ ಬದಲಾಯಿಸಬಹುದು. ಡಾಕ್ಸಿಸೈಕ್ಲಿನ್, ಲಿವೊಫ್ಲಾಕ್ಸಸಿನ್, ಲಿನೆಜೋಲಿಡ್ ಮುಂತಾದವು ಬಾಯಿಯ ಮೂಲಕ ಕೊಟ್ಟರೂ ಹೆಚ್ಚುಕಡಿಮೆ ಇಂಜೆಕ್ಷನ್ನಿನಷ್ಟೇ ಪ್ರಮಾಣದಲ್ಲಿ ರಕ್ತ ಸೇರುತ್ತವೆ. ಕೈಗೆ ಚುಚ್ಚಿದ ಸೂಜಿಯ ಜಾಗ ಬಾತುಕೊಳ್ಳುವುದು, ಅಲ್ಲಿಂದಲೇ ಹೊಸ ಸೋಂಕು ಬರುವುದು ಇದರಿಂದ ತಪ್ಪುತ್ತದೆ.

ಪ್ರಶ್ನೆ: ನಾನು ತಾಲೂಕು ಮಟ್ಟದ ಆಸ್ಪತ್ರೆಯೊಂದರಲ್ಲಿ ಫಾರ್ಮಸಿಸ್ಟ್. ನಮ್ಮಲ್ಲಿ ಆ್ಯಂಟಿಬಯೋಟಿಕ್ ಬಳಕೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ತಿಳಿಯುವುದು ಹೇಗೆ? ದೊಡ್ಡ ಆಸ್ಪತ್ರೆಗಳಂತೆ ನಮ್ಮಲ್ಲಿ ಕಂಪ್ಯೂಟರ್ ವ್ಯವಸ್ಥೆಯಿಲ್ಲ. – ಊರು ಬೇಡವೆಂದಿದ್ದಾರೆ

ನಿಮ್ಮ ಸ್ಟಾಕ್ ಪುಸ್ತಕ ಮತ್ತು ವಾರ್ಡಿನ ದಿನದ ರೋಗಿಗಳ ಎಣಿಕೆ ಇದ್ದರೆ ಸಾಕು. ವಿಶ್ವ ಆರೋಗ್ಯ ಸಂಸ್ಥೆಯು ಪ್ರತಿ ಔಷಧಕ್ಕೂ ದೊಡ್ಡವರ ಒಂದು ದಿನದ ಮಾನಕ ಪ್ರಮಾಣವನ್ನು ನಿಗದಿಪಡಿಸಿದೆ. ಇದನ್ನು ಡಿಡಿಡಿ ಎಂದು ಕರೆಯುತ್ತಾರೆ. ಸೆಫ್ಟ್ರಿಯಾಕ್ಸೋನಿಗೆ ಇದು 2 ಗ್ರಾಂ, ಮೆರೋಪೆನೆಮ್‌ಗೆ 3 ಗ್ರಾಂ. ನಿಮ್ಮ ಆಸ್ಪತ್ರೆಯಲ್ಲಿ ದಿನಕ್ಕೆ ಸರಾಸರಿ 80 ಒಳರೋಗಿಗಳಿದ್ದರೆ 30 ದಿನಗಳಿಗೆ 2,400 ಹಾಸಿಗೆ-ದಿನಗಳಾದವು. ಆ ತಿಂಗಳಲ್ಲಿ 1 ಗ್ರಾಮಿನ 1,200 ಸೆಫ್ಟ್ರಿಯಾಕ್ಸೋನ್ ವಯಲ್‌ಗಳು ಖರ್ಚಾಗಿದ್ದರೆ 1,200 ಗ್ರಾಂ, ಅಂದರೆ 600 ಡಿಡಿಡಿ. ಅದನ್ನು 2,400ರಿಂದ ಭಾಗಿಸಿ ನೂರರಿಂದ ಗುಣಿಸಿದರೆ 100 ಹಾಸಿಗೆ-ದಿನಗಳಿಗೆ 25 ಡಿಡಿಡಿ ಎಂದು ಬರುತ್ತದೆ. ರೋಗಿಗಳ ಸಂಖ್ಯೆ ಹೆಚ್ಚು ಕಡಿಮೆಯಾದರೂ ಈ ಲೆಕ್ಕ ಹೋಲಿಕೆಗೆ ನಿಲ್ಲುತ್ತದೆ.

ಮಕ್ಕಳ ವಾರ್ಡಿಗೆ ಈ ಅಳತೆ ಹೊಂದುವುದಿಲ್ಲ, ಮಕ್ಕಳ ಡೋಸ್ ತೂಕದ ಮೇಲೆ ಇರುವುದರಿಂದ ಆ ವಾರ್ಡಿಗೆ ಹೋದ ವಯಲ್‌ಗಳನ್ನೂ ಅಲ್ಲಿಯ ಹಾಸಿಗೆ-ದಿನಗಳನ್ನೂ ಲೆಕ್ಕದಿಂದ ಬಿಡಿ. ತಿಂಗಳಿನಿಂದ ತಿಂಗಳಿಗೆ ಹೋಲಿಸಿ ಕಂಗೆಡುವುದೂ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯಲ್ಲಿ ಜ್ವರದ ರೋಗಿಗಳು ಹೆಚ್ಚಿ ಅಂಕಿ ಏರಿಯೇ ಏರುತ್ತದೆ. ಈ ಜುಲೈಯನ್ನು ಕಳೆದ ಜುಲೈಯೊಂದಿಗೆ ಹೋಲಿಸಿ. ಆರಂಭಕ್ಕೆ ಎಲ್ಲ ಔಷಧಗಳ ಲೆಕ್ಕ ಬೇಡ. ಸೆಫ್ಟ್ರಿಯಾಕ್ಸೋನ್, ಪಿಪರಾಸಿಲಿನ್-ಟಾಜೋಬ್ಯಾಕ್ಟಮ್, ಮೆರೋಪೆನೆಮ್ ಮೂರನ್ನೇ ಹಿಡಿದು ಮೂರು ಗೆರೆ ಎಳೆದು ವೈದ್ಯರ ಮಾಸಿಕ ಸಭೆಯಲ್ಲಿ ತೋರಿಸಿ. ಯಾರ ಹೆಸರನ್ನೂ ಹೇಳದೆ ತೋರಿಸುವುದು ಒಳ್ಳೆಯದು. ಹೆಸರು ಬಂದರೆ ಚರ್ಚೆ ಔಷಧದಿಂದ ಬೇರೆಡೆಗೆ ಹೋಗುತ್ತದೆ.

ಕೇಸ್ ಪೇಪರಿನಲ್ಲಿ ಆ್ಯಂಟಿಬಯೋಟಿಕ್ ಬರೆಯುವಾಗ ಯಾವ ಕಾರಣಕ್ಕೆ ಎಂಬುದನ್ನೂ ಬರೆಯುವಂತೆ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶಕರು 2024ರ ಜನವರಿಯಲ್ಲಿ ವೈದ್ಯರನ್ನು ಕೋರಿದ್ದಾರೆ. ಕಾರಣದ ಜತೆಗೆ ‘ಯಾವ ದಿನದವರೆಗೆ’ ಎಂದೂ ಬರೆಯುವ ಅಭ್ಯಾಸವಾದರೆ ನಿಮ್ಮ ಕೆಲಸ ಅರ್ಧ ಮುಗಿದಂತೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2022ರ ಮಾರ್ಗಸೂಚಿಯಲ್ಲಿ ಹೊರಗಿನಿಂದ ಬಂದ ನ್ಯುಮೋನಿಯಾಕ್ಕೆ ಐದು ದಿನ, ಆಸ್ಪತ್ರೆಯಲ್ಲೇ ತಗಲಿದ ನ್ಯುಮೋನಿಯಾಕ್ಕೆ ಎಂಟು ದಿನ ಎಂದಿದೆ. ಎಷ್ಟೋ ಕಡೆ ನಿಲ್ಲಿಸಿ ಎಂದು ಯಾರೂ ಬರೆಯದ ಕಾರಣಕ್ಕೇ ಔಷಧ ಹತ್ತು ದಿನ ಓಡಿರುತ್ತದೆ.

ಪ್ರಶ್ನೆ: ಮೊದಲು ಕೇಳಿದ ಕೂಡಲೇ ಕೊಡುತ್ತಿದ್ದ ಮೆಡಿಕಲ್ ಅಂಗಡಿಯವರು ಈಗ ಚೀಟಿ ಕೇಳುತ್ತಾರೆ, ಹೆಸರು ಬರೆದುಕೊಳ್ಳುತ್ತಾರೆ. ಇದು ಹೊಸ ಕಾನೂನೇ? – ಭಟ್ಕಳ

ಹೊಸದಲ್ಲ. ಸೆಫಿಕ್ಸಿಮ್, ಮೆರೋಪೆನೆಮ್ ಮೊದಲಾದ ಆ್ಯಂಟಿಬಯೋಟಿಕ್‌ಗಳೂ ಸೇರಿದಂತೆ ಹಲವು ಔಷಧಗಳನ್ನು 2013ರಲ್ಲಿ ಎಚ್-1 ಎಂಬ ಪಟ್ಟಿಗೆ ಸೇರಿಸಿ, 2014ರ ಮಾರ್ಚ್‌ನಿಂದ ಜಾರಿಗೆ ತರಲಾಯಿತು. ಇವುಗಳನ್ನು ಮಾರುವಾಗ ವೈದ್ಯರ, ರೋಗಿಯ ಹೆಸರು ಮತ್ತು ಪ್ರಮಾಣವನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ನಿಮ್ಮ ಅಂಗಡಿಯವರು ಈಗ ಪಾಲಿಸುತ್ತಿದ್ದಾರೆ, ಅಷ್ಟೇ. ಅವರೊಂದಿಗೆ ಜಗಳಕ್ಕೆ ಹೋಗಬೇಡಿ.

ಪ್ರಶ್ನೆ: ನಮ್ಮಲ್ಲಿ ಸ್ವಲ್ಪ ಗಂಭೀರವಾದರೆ ಹುಬ್ಬಳ್ಳಿಗೋ ಮಂಗಳೂರಿಗೋ ಒಯ್ಯಬೇಕು. ಅಲ್ಲಿ ಎಲ್ಲವನ್ನೂ ಮೊದಲಿನಿಂದ ಶುರು ಮಾಡುತ್ತಾರೆ. ಇದನ್ನು ತಪ್ಪಿಸಲು ನಾವೇನು ಮಾಡಬಹುದು? – ಒಬ್ಬ ಓದುಗರು, ಯಲ್ಲಾಪುರ

ಇದು ನಮ್ಮ ಜಿಲ್ಲೆಯ ವಿಶೇಷ ಕಷ್ಟ. ಘಟ್ಟದ ಮೇಲಿನವರು ಹುಬ್ಬಳ್ಳಿಗೆ, ಕರಾವಳಿಯವರು ಮಣಿಪಾಲ, ಮಂಗಳೂರಿಗೆ, ಕಾರವಾರದವರು ಗೋವಾಕ್ಕೆ ಹೋಗುತ್ತಾರೆ. ಮೊದಲ ಆಸ್ಪತ್ರೆಯಲ್ಲಿ ಏನು ಕೊಟ್ಟರು ಎಂದು ಎರಡನೆಯವರಿಗೆ ತಿಳಿಯದಿದ್ದರೆ, ಅವರು ಕೆಟ್ಟದ್ದನ್ನೇ ಊಹಿಸಿ ಮೇಲಿನ ಗುಂಪಿನ ಔಷಧದಿಂದ ಆರಂಭಿಸುತ್ತಾರೆ. ಅವರ ಸ್ಥಾನದಲ್ಲಿ ನಾನಿದ್ದರೂ ಬಹುಶಃ ಹಾಗೆಯೇ ಮಾಡುತ್ತಿದ್ದೆ.

ಆದ್ದರಿಂದ ಅಂಬುಲೆನ್ಸ್ ಹತ್ತುವ ಮೊದಲು ‘ಜ್ವರಕ್ಕೆ ಚಿಕಿತ್ಸೆ ನೀಡಲಾಗಿದೆ’ ಎಂಬ ಒಂದು ಸಾಲಿನ ಚೀಟಿಗೆ ಒಪ್ಪಬೇಡಿ. ಔಷಧದ ಹೆಸರು, ಡೋಸ್, ಮೊದಲ ಡೋಸ್ ಕೊಟ್ಟ ದಿನ ಮತ್ತು ಗಂಟೆ, ಕೊನೆಯ ಡೋಸ್ ಕೊಟ್ಟ ಗಂಟೆ, ಅಲರ್ಜಿಯೇನಾದರೂ ಇದ್ದರೆ ಅದು, ಇವಿಷ್ಟೂ ಅದರಲ್ಲಿರಲಿ. ಬರೆಯಲು ಪುರಸೊತ್ತಿಲ್ಲವೆಂದರೆ ನರ್ಸ್‌ಗಳು ಡೋಸ್ ಗುರುತು ಹಾಕುವ ಹಾಳೆಯ ಫೋಟೊವನ್ನು ಅನುಮತಿ ಕೇಳಿ ಮೊಬೈಲಿನಲ್ಲಿ ತೆಗೆದುಕೊಳ್ಳಿ. ಕಲ್ಚರ್‌ಗೆ ರಕ್ತ ಅಥವಾ ಮೂತ್ರ ಕಳಿಸಿದ್ದಾರೆಯೇ, ಕಳಿಸಿದ್ದರೆ ಯಾವ ಪ್ರಯೋಗಾಲಯಕ್ಕೆ, ವರದಿ ಯಾವ ದಿನ ಬರುತ್ತದೆ ಎಂದು ಕೇಳಿ, ಅಲ್ಲಿಯ ಫೋನ್ ನಂಬರ್ ಬರೆಸಿಕೊಳ್ಳಿ. ರೋಗಿ ಹುಬ್ಬಳ್ಳಿಯಲ್ಲಿದ್ದಾಗ ವರದಿ ಯಲ್ಲಾಪುರದ ಫೈಲಿನಲ್ಲಿ ಉಳಿದರೆ ಯಾರಿಗೂ ಪ್ರಯೋಜನವಿಲ್ಲ. ಊರಿನಲ್ಲಿ ಉಳಿದ ಮನೆಯವರೊಬ್ಬರು ಎರಡನೆಯ ಹಾಗೂ ಮೂರನೆಯ ದಿನ ಹೋಗಿ ಅದನ್ನು ಪಡೆದು ಕಳಿಸುವ ಏರ್ಪಾಡು ಮಾಡಿಕೊಳ್ಳಿ.